ಕೋಟಿನ ಅಂಚಿನ ಮೇಲೆ ಮಲಗಿದ ನಾಯಿ

ಹೆಸರು: ಬೀದಿಯವರ ಬಾಯಲ್ಲಿ ಟೈಲರಕ್ಕ. ವಯಸ್ಸು: 46. ಕೆಲಸ: ಹೊಲಿಗೆ. ವಿಳಾಸ: ಮೂಲೆಮನೆಯ ಕೆಳಮಹಡಿ, ಮುಂದೆ ಅಂಗಡಿ, ಹಿಂದೆ ವಾಸ.

ಠಾಣೆಯಲ್ಲಿ ಕುಳಿತು ಈ ಮೂಲಕ ತಿಳಿಸುವುದೇನೆಂದರೆ, ನನ್ನ ನಾಯಿ ಮನೆ ಮಾಲೀಕರನ್ನು ಕೆಡವಿ ಮೇಲೆ ಮಲಗಿತ್ತು ಎಂದು ದೂರು ಬಂದಿದೆ. ಮಲಗಿದ್ದು ನಿಜ, ಆದರೆ ಅವರ ಕೋಟಿನ ಮೇಲೆ.

ನಾಯಿಗೆ ಮೂರು ವರ್ಷ. ಮರಿ ತರಲು ಹೋದ ದಿನ ಉಳಿದ ಮರಿಗಳೆಲ್ಲ ನನ್ನ ಯಜಮಾನರ ಬೂಟಿನ ದಾರ ಕಚ್ಚುತ್ತಿದ್ದವು. ಇದೊಂದು ಮಾತ್ರ ಬಂದು ನನ್ನ ಶಾಲಿನ ತುದಿಯ ಮೇಲೆ ಕುಳಿತು ನಿದ್ದೆ ಹೋಯಿತು. ಇದು ಶುದ್ಧ ಸೋಮಾರಿ, ಬೇಡ ಎಂದು ಯಜಮಾನರು ಹೇಳಿದರು. ದೊಡ್ಡ ಜಾತಿಯ ನಾಯಿಗೆ ಸಮಾಧಾನವೇ ಮೊದಲ ಗುಣ ಎಂದು ನಾನು ಹಟ ಹಿಡಿದೆ. ಎಲುಬು ಬಲಿಯುವ ತನಕ ಮೆಟ್ಟಿಲು ಹತ್ತಿಸಬೇಡಿ, ಊಟವಾದ ಮೇಲೆ ಓಡಿಸಬೇಡಿ ಎಂದು ಡಾಕ್ಟರು ಹೇಳಿದ್ದನ್ನು ತಪ್ಪದೆ ಪಾಲಿಸಿದ್ದೇನೆ. ಈಗ ಅದರ ತೂಕ ನನ್ನಷ್ಟೇ ಇದೆ. ನನ್ನ ತೂಕವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ನಾನು ನೆಲದ ಮೇಲೆ ಬಟ್ಟೆ ಹಾಸಿ ಕತ್ತರಿಸುವವಳು. ಬಟ್ಟೆ ಜರುಗದಂತೆ ತುದಿಯ ಮೇಲೆ ಮಲಗುವುದನ್ನು ಅದಕ್ಕೆ ಕಲಿಸಿದೆ. ಅದಕ್ಕೇ ಅದರ ಹೆಸರು ಇಸ್ತ್ರಿ. ಎಬ್ಬಿಸಲು "ಸಾಕು" ಎಂಬ ಮಾತನ್ನು ಕಲಿಸಿದ್ದೇನೆಂದು ನಾನು ನಂಬಿದ್ದೆ. ಆದರೆ ಅದು ಕಲಿತದ್ದು ಕೆಲಸ ಮುಗಿದು ಕತ್ತರಿಯನ್ನು ಮೇಜಿನ ಮೇಲೆ ಇಡುವ ಸದ್ದನ್ನು. ಆ ಸದ್ದಾಗದೆ ಭೂಕಂಪವಾದರೂ ಏಳುವುದಿಲ್ಲ.

ಮಾಲೀಕರು ಮೇಲಿನ ಮಹಡಿಯಲ್ಲಿದ್ದಾರೆ. ನಾಯಿ ಎಂದರೆ ನಾಯಿಯಂತಿರಬೇಕು, ಕರುವಿನಂತಲ್ಲ ಎಂಬುದು ಅವರ ವಾದ. ತಿಂಗಳ ಕೊನೆಗೆ ನಾಯಿ ಹೋಗಬೇಕು, ಇಲ್ಲವೇ ನಾವು ಹೋಗಬೇಕು ಎಂದು ಹೇಳಿದ್ದರು. ನನಗೆ ಊಟ ಸೇರುತ್ತಿರಲಿಲ್ಲ.

ಇಂದು ಬೆಳಿಗ್ಗೆ ಹತ್ತಕ್ಕೆ ಅವರು ಚಳಿಗೆ ಹೊಲಿಸುತ್ತಿರುವ ಉದ್ದ ಕೋಟಿನ ಅಳತೆ ನೋಡಲು ಬಂದರು. ಕೋಟನ್ನು ತೊಡಿಸಿ, ಬೆನ್ನಿಗೂ ತೋಳಿಗೂ ಗುಂಡುಸೂಜಿ ಹಾಕಿದೆ. ಅಷ್ಟರಲ್ಲಿ ಬೀದಿಯ ತುದಿಗೆ ಕತ್ತರಿ, ಚಾಕು ಹರಿತ ಮಾಡುವ ಸಾಣೆಯವನು ಬಂದ. ಅಲುಗಾಡಿದರೆ ಚುಚ್ಚುತ್ತದೆ, ಐದೇ ನಿಮಿಷ ಎಂದು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಕತ್ತರಿ ಹಿಡಿದು ಓಡಿದೆ. ಸಾಣೆಯವನ ಮುಂದೆ ಚಾಕುಗಳ ಸಾಲೇ ಇತ್ತು, ನನ್ನ ಸರದಿ ಬರಲು ತಡವಾಯಿತು.

ಕೋಟಿನ ಅಂಚು ನೆಲಕ್ಕೆ ತಾಗಿತ್ತು. ಇಸ್ತ್ರಿ ಬಂದು ಅದರ ಮೇಲೂ, ಮಾಲೀಕರ ಎರಡೂ ಪಾದಗಳ ಮೇಲೂ ಮಲಗಿತು. ಅವರು ಕೂಗಿದ್ದನ್ನು ಕೇಳಿ ಎದುರಿನ ಮೊಬೈಲ್ ಅಂಗಡಿಯವನು ನಿಮಗೆ ಫೋನ್ ಮಾಡಿದ. ಬಂದ ಪೇದೆ ಬಾಗಿಲಲ್ಲೇ ನಿಂತು ಇಸ್ತ್ರಿಗೆ ಏಳು ಎಂದು ಆಜ್ಞೆ ಮಾಡಿದರಂತೆ. ಬಿಸ್ಕತ್ತು ಎಸೆದರಂತೆ. ಇಸ್ತ್ರಿ ಮಲಗಿಕೊಂಡೇ ಬಿಸ್ಕತ್ತು ತಿಂದಿತಂತೆ. ಕಚ್ಚಿತೇ ಎಂದು ಕೇಳಿದ್ದಕ್ಕೆ ಮಾಲೀಕರು ಹೇಳಿದ್ದನ್ನು ಪೇದೆಯೇ ನನಗೆ ತಿಳಿಸಿದರು: "ಕಚ್ಚಿದ್ರೆ ಎದ್ದು ಓಡ್ತಿದ್ದೆ ಕಣಯ್ಯ. ಕಚ್ತಾನೇ ಇಲ್ವಲ್ಲ, ಅದೇ ಕಷ್ಟ."

ನಾನು ಮರಳಿದ್ದು ಹತ್ತೂ ಮುಕ್ಕಾಲಿಗೆ. ಬಾಗಿಲಲ್ಲಿ ಜನ ಸೇರಿದ್ದರು. ಇವತ್ತಿಗೆ ನನ್ನ ನಾಯಿಯ ಕಥೆ ಮುಗಿಯಿತೆಂದುಕೊಂಡೆ. ಮೇಜಿನ ಮೇಲೆ ಕತ್ತರಿ ಇಡಲು ಹೋದಾಗ ಮಾಲೀಕರು ಕೈಯೆತ್ತಿ ತಡೆದರು.

"ತಡಿಯಮ್ಮ. ಈ ಚಳಿ ಶುರುವಾದಾಗಿಂದ ಪಾದ ಬೆಚ್ಚಗಾಗಿದ್ದು ಇವತ್ತೇ."

ಮತ್ತೆ ಕಾಲು ಗಂಟೆ ಯಾರೂ ಏಳಲಿಲ್ಲ. ಪೇದೆಯೂ ಬಾಗಿಲಿಗೆ ಒರಗಿ ನಿಂತಿದ್ದರು. ಆಮೇಲೆ ಮಾಲೀಕರೇ ತಲೆಯಾಡಿಸಿದರು. ನಾನು ಕತ್ತರಿ ಇಟ್ಟೆ, ಇಸ್ತ್ರಿ ಎದ್ದಿತು. ಕೋಟಿನ ಅಂಚನ್ನು ನಾಲ್ಕು ಬೆರಳು ಮಡಚಲು ಸೀಮೆಸುಣ್ಣ ತೆಗೆದುಕೊಂಡಾಗ ಮಾಲೀಕರು ಬೇಡವೆಂದರು. ತಿಂಗಳ ಕೊನೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಹಾಗೇ ಬಿಡು," ಎಂದರು. "ನೆಲಕ್ಕೆ ತಾಗ್ತಿರ್ಲಿ."

ಇದಿಷ್ಟೂ ನಾನು ಕಂಡದ್ದು, ಪೇದೆಯವರಿಂದ ಕೇಳಿದ್ದು. ಓದಿಸಿ ಕೇಳಿ, ನಿಜವೆಂದು ಒಪ್ಪಿ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಮಂಗಳವಾರ
(ಸಹಿ) ಟೈಲರಕ್ಕ
ಸಾಕ್ಷಿ: (ಸಹಿ) ಮನೆ ಮಾಲೀಕರು, ಕೋಟು ಸಮೇತ ಹಾಜರು