ಗಿರಣಿಯ ಸರದಿಯಲ್ಲಿ ‘ಒನ್ಸ್ ಮೋರ್’

ಗಜೇಂದ್ರಗಡದ ಹಿಟ್ಟಿನ ಗಿರಣಿಯಲ್ಲಿ ನನ್ನ ಮುಂದೆ ನಿಂತಿದ್ದ ಲಾಲಬಿ, ತನ್ನ ಮುಂದಿದ್ದ ಕರೆವ್ವನನ್ನು ಕೇಳಿದಳು:

“ಮದ್ರಾಸಿಗೆ ಹೋದ ನಿನ್ನ ಮಗಳು ನಿನ್ನಿ ಟೆಂಟಿನ ತೆಲುಗು ಸಿನಿಮಾದಾಗ ಕಾಣಲೇ ಇಲ್ಲಲ್ಲ ಅಕ್ಕಾ?”

“ಆಕಿ ಬರೇ ಹಾಡಾಕಿ. ಪಡದೆ ಮ್ಯಾಲ ಬಾಯಿ ಆಡಸಾಕಿ ಬ್ಯಾರೇದಾಕಿ.”

“ಆಕಿಗೆ ತೆಲುಗು ಹ್ಯಾಂಗ ಬರತೈತಿ?”

“ಕನ್ನಡ ಅಕ್ಷರದಾಗ ಬರಕೊಂಡು ಹಾಡತಾಳಂತ.”

“ಮತ್ತ ನೀ ಎದ್ದು ನಿಂತು ‘ಒನ್ಸ್ ಮೋರ್’ ಅಂತ ಯಾಕ ಒದರಿದಿ? ಇಡೀ ಟೆಂಟ್ ನಕ್ಕಿತು.”

“ಆಕಿ ನಾಟಕ ಕಂಪನ್ಯಾಗ ಇದ್ದಾಗ ಮಂದಿ ಹಂಗ ಒದರಿದ್ರ ಇನ್ನೊಮ್ಮೆ ಹಾಡತಿದ್ಲು.”

“ಪಡದೆಗೆ ಕಿವಿ ಎಲ್ಲಿ ಅದಾವ ಅಕ್ಕಾ?”

ಕರೆವ್ವನ ಜೋಳದ ಹಿಟ್ಟು ಬಂತು. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು.

“ಇವತ್ತೂ ಅದೇ ಆಟ ಐತಿ, ಲಾಲಬಿ. ಬಂದು ನೋಡು. ಇನ್ನೊಮ್ಮೆ ಹಾಡತಾಳ.”