ಉಡದಾರ ಬಿಚ್ಚಿಸಿದ ರಾಘಣ್ಣ

ಸಭೆಗೆ ಬಂದ ಹಿರಿಯರೇ, ಸಹೋದ್ಯೋಗಿಗಳೇ, ರಾಘಣ್ಣನ ಪತ್ನಿ ಇಂದೂ ವೈನಿ, ಮನೆಯವರೇ — ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಹರ್ಷದಾ. ಹತ್ತು ದಿನದ ಹಿಂದೆ ಹೃದಯಾಘಾತದಿಂದ ನಮ್ಮನ್ನು ಬಿಟ್ಟುಹೋದ ರಾಘಣ್ಣ ನಮ್ಮ ಎಂಆರ್‌ಐ ಯಂತ್ರ ನಡೆಸುತ್ತಿದ್ದರು. ಅವರು ತೆಗೆದ ಚಿತ್ರ ಓದಿ ವರದಿ ಬರೆಯುವುದು ನನ್ನ ಕೆಲಸ. ಹನ್ನೊಂದು ವರ್ಷ! ಅಷ್ಟರಲ್ಲಿ ಅವರ ಮೇಲೆ ಎಷ್ಟು ಸಲ ರೇಗಿದ್ದೇನೆ ಎಂದು ಸಿಬ್ಬಂದಿಗೆ ಗೊತ್ತು. ನಗಬೇಡಿ — ಇವತ್ತು ಒಂದು ತಪ್ಪು ಒಪ್ಪಿಕೊಳ್ಳಲಿಕ್ಕಿದೆ.

ಎರಡು ಸಾವಿರದ ನಾಲ್ಕನೇ ಇಸವಿ. ಇದೇ ಊರಿನ ಕೊಂಢವಾ ಬಡಾವಣೆಯಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುವ ಅಂಬಣ್ಣ ಬಂದರು, ಜೊತೆಗೆ ಹೆಂಡತಿ ಮಾನಮ್ಮ. ಯಾದಗಿರಿ ಕಡೆಯವರು. ರಕ್ತಪರೀಕ್ಷೆ ನೋಡಿದರೆ ಪ್ರಾಸ್ಟೇಟ್ ಕ್ಯಾನ್ಸರಿನ ಅನುಮಾನ. ಎರಡು ಸಲ ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೂ ಏನೂ ಸಿಕ್ಕಿರಲಿಲ್ಲ. ಗಡ್ಡೆ ಇದ್ದರೆ ಎಲ್ಲಿದೆ — ಅದನ್ನು ನಾವು ಹೇಳಬೇಕಿತ್ತು. ಮೈಮೇಲೆ ಲೋಹದ ಸಾಮಾನು ಇದೆಯೇ ಎಂದು ಕೇಳಿದ್ದಕ್ಕೆ ಅಂಬಣ್ಣ, "ಏನೂ ಇಲ್ರಿ" ಎಂದರು. ಚಿತ್ರ ಬಂತು. ನೋಡುತ್ತೇನೆ — ಸರಿಯಾಗಿ ಪ್ರಾಸ್ಟೇಟ್ ಇರುವಲ್ಲೇ ಮಸಿ ಬಳಿದಂತೆ ಕಪ್ಪು! ಹೊರಗೆ ಕರೆದು ನೋಡಿದರೆ ಸೊಂಟದಲ್ಲಿ ಬೆಳ್ಳಿಯ ಉಡದಾರ, ಅದಕ್ಕೊಂದು ಕಬ್ಬಿಣದ ತಾಯತ.

ನನ್ನ ಪಿತ್ತ ನೆತ್ತಿಗೇರಿತು. "ಸುಳ್ಳು ಹೇಳ್ಯಾರ! ಅಯಸ್ಕಾಂತ ಎಳದು ಗಾಯ ಆಗಿದ್ರ ಯಾರು ಹೊಣಿ? ಕಳಸ್ರಿ ಅವರನ್ನ!" ಎಂದು ಕೂಗಿದೆ. ಕಾಗದದ ಮೇಲೆ 'ರೋಗಿಯ ಸಹಕಾರವಿಲ್ಲ' ಎಂದು ಬರೆದೂಬಿಟ್ಟೆ. ಹೌದು, ನಾನೇ ಬರೆದೆ.

ರಾಘಣ್ಣ — ಹೀಗೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತು — "ಸುಳ್ಳಲ್ರಿ ಮೇಡಂ. ನಾವು ಸಾಮಾನು ಕೇಳಿದ್ವಿ. ಉಡದಾರ ಅವರಿಗೆ ಸಾಮಾನಲ್ಲ, ಮೈ" ಎಂದರು.

ಬಿಚ್ಚಿ ಎಂದರೆ ಅಂಬಣ್ಣ ಒಲ್ಲೆ ಎಂದರು. "ಜೀವ ಇರೂತನ ಬಿಚ್ಚಂಗಿಲ್ರಿ. ಸತ್ತ ಮ್ಯಾಗ ಹರೀತಾರ ಅದನ್ನ." ಮಾನಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅವರು ಹಾಗೇ ಎದ್ದು ಹೋಗಿದ್ದರೆ, ಗಡ್ಡೆಯೂ ಅವರ ಜೊತೆಗೇ ಹೋಗುತ್ತಿತ್ತು.

ರಾಘಣ್ಣ ವಾದ ಮಾಡಲಿಲ್ಲ. ರಸ್ತೆ ದಾಟಿ ಹೋಗಿ ಕರಿ ದಾರ ತಂದರು. "ಕಾಕಾ, ಮೊದಲ ಇದನ್ನ ಕಟ್ಕೋರಿ. ಆಮ್ಯಾಲ ಬೆಳ್ಳೀದು ಬಿಚ್ಚಿ ಕಾಕೂನ ಕೈಯಾಗ ಕೊಡ್ರಿ. ಸೊಂಟ ಒಂದು ಗಳಿಗಿನೂ ಬರಿ ಇರಂಗಿಲ್ಲ." ಅಂಬಣ್ಣ ರಾಘಣ್ಣನ ಮುಖ ನೋಡಿದರು. ನೋಡಿಯೇ ನೋಡಿದರು. "ಹಂಗಾದ್ರ ನೀವೇ ಕಟ್ರಿ" ಎಂದರು. ರಾಘಣ್ಣ ಮಂಡಿಯೂರಿ ಕಟ್ಟಿದರು.

ಎರಡನೇ ಚಿತ್ರದಲ್ಲಿ ಗಡ್ಡೆ ಕಂಡಿತು, ಗ್ರಂಥಿಯ ಮುಂಭಾಗದಲ್ಲಿ — ಹಿಂದಿನಿಂದ ಚುಚ್ಚಿದ ಸೂಜಿ ಮುಟ್ಟದ ಜಾಗ. ಅಲ್ಲಿಗೇ ಗುರಿಯಿಟ್ಟು ಮಾಡಿದ ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾಯಿತು. ಹೊರಗೆ ಹರಡಿರಲಿಲ್ಲ, ಆಪರೇಷನ್ ಆಯಿತು. ವರದಿಯ ಕೆಳಗೆ ನನ್ನ ಸಹಿ, ಹೊಗಳಿಕೆಯೂ ನನಗೇ. ಅದು ರಾಘಣ್ಣನದು ಎಂದು ಐದು ವರ್ಷ ತಡವಾಗಿ ಹೇಳುತ್ತಿದ್ದೇನೆ. ಅವರು ಬದುಕಿದ್ದಾಗಲೇ ಹೇಳಬೇಕಿತ್ತು, ಹೇಳಲಿಲ್ಲ. ವೈನಿ, ಅದು ನನಗೆ ಭಾಳ ನೋವು.

ಆಮೇಲೆ ನಮ್ಮಲ್ಲಿ ಕೇಳುವ ರೀತಿಯೇ ಬದಲಾಯಿತು. ಕನ್ನಡದವರಿಗೆ "ಉಡದಾರ ಅದ ಏನ್ರಿ?", ಮರಾಠಿಯವರಿಗೆ "ಕರದೋಡಾ ಆಹೇ ಕಾ?" ಉಡದಾರದ ಕಾರಣಕ್ಕೆ ಪರೀಕ್ಷೆ ಬಿಟ್ಟು ಹೋದವರು ಇವತ್ತಿನವರೆಗೆ ಒಬ್ಬರೂ ಇಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಇನ್ನು ಮಾತು ಸಾಕು. ಎಲ್ಲರೂ ದಯವಿಟ್ಟು ಎದ್ದು — ಅಗೋ, ನಾನು ಕೇಳುವ ಮೊದಲೇ, ಆ ಕೊನೆಯ ಸಾಲಿನಲ್ಲಿ ಅಂಬಣ್ಣನವರು ಎದ್ದು ನಿಂತಿದ್ದಾರೆ.

ಏಳಿ. ಅವರ ಜೊತೆ ನಾವೂ ಎರಡು ನಿಮಿಷ ಮೌನವಾಗಿ ನಿಲ್ಲೋಣ.