ಹಳೇ ನೆಲದ ಮ್ಯಾಲೆ

...ಇಡ್ರಿ! ಆ ಸುತ್ತಿಗಿ ಮೊದಲ ಕೆಳಗ ಇಡ್ರಿ! ಅಂಬಿಕಾನ ಅಪ್ಪಾ, ನಿಮಗ ಹೇಳಾಕತ್ತೀನಿ, ಕೇಳ್ಸಾಕತ್ತಿಲ್ಲೇನು? ಇನ್ನೊಂದು ಗಳಿಗಿ ನಾ ಸಂತ್ಯಾಗ ನಿಂತಿದ್ರ ಆ ಮೂಲಿ ಅಷ್ಟೂ ಒಡದು ಗುಂಪಿ ಹಾಕಿರ್ತಿದ್ರಿ. ದೇವರು ದೊಡ್ಡವ!

ಜಮೀರ್ ಮಿಸ್ತ್ರಿ ನಾಳೆ ಮಾನ್ವಿಯಿಂದ ಬರ್ತಾನ. ಹಳೇ ನೆಲದ ಮ್ಯಾಲೇನ ಹೊಸ ಟೈಲ್ಸ್ ಕೂಡಿಸಪ್ಪಾ ಅಂತ ನಾ ಹೇಳಿ ಮುಗಿಸೀನಿ. ನೀವು ಹಿಂದಿಂದ ಫೋನ್ ಮಾಡಿ, "ನಾನ ಎಲ್ಲಾ ಕಿತ್ತು ಸ್ವಚ್ಛ ಮಾಡಿ ಇಟ್ಟಿರ್ತೀನಿ" ಅಂದ್ರಂತ! ಯಾರಿಗೆ ಕೇಳಿ ಅಂದ್ರಿ?

ಏನು? ನೆಲ ಎತ್ತರ ಆಗ್ತದ? ಆಗ್ಲಿ. ಬಾಗಿಲು ತಿಕ್ಕತದ? ತಿಕ್ಕಲಿ, ಬಡಿಗ್ಯಾರನ್ನ ಕರಸಿ ತಳ ಕೊಯ್ಸಿದ್ರಾತು. ...ಯಾಕ ನಗ್ತೀರಿ? ನಗೋವಂಥಾದ್ದು ಏನ್ ಅಂದ್ನಿ ನಾ? ...ನೋಡ್ರಿ, ನಕ್ಕಿದ್ದಕ್ಕ ಕೆಮ್ಮು ಎದ್ದಿತು. ಕುಂಡ್ರಿ. ನೀರು ಕುಡೀರಿ... ಸಾವಕಾಶ... ಕುಂಡ್ರಿ ಅಂದ್ನೆಲ್ಲ!

ಹೊಸ ನೆಲ ಬೇಕ ಬೇಕು, ಅದಕ್ಯಾರು ಇಲ್ಲ ಅಂದ್ರು? ಮಗಳು ಅಂಬಿಕಾ ದೇವದುರ್ಗದಿಂದ ಕೂಸಿನ್ನ ಕರಕೊಂಡು ಬಂದಾಳ, ಅದು ಮನಿ ತುಂಬಾ ಅಂಬೆಗಾಲು ಇಡ್ತದ. ಮೊನ್ನೆ ಮೂಲ್ಯಾಗ ನೆಲದ ಬಿಲ್ಲಿ ಒಡದಿತ್ತಲ್ಲ, ಅದರ ಚೂರು ಬಾಯಾಗ ಇಟ್ಕೊಂಡಿತ್ತು, ನೀವ ಬೆರಳು ಹಾಕಿ ತಗದ್ರಿ. ಅವತ್ತ ಅಲ್ಲೇನು ನಾ ಟೈಲ್ಸ್ ಅಂತ ಗಂಟು ಬಿದ್ದಿದ್ದು? ಮುಚ್ಚೋಣು ಅಂದ್ನಿ. ಒಡಿಯೋಣು ಅನ್ನಲಿಲ್ಲ.

ಯಾಕಂದ್ರ... ಯಾಕಂದ್ರೇನು, ನೀವು ಹಾಸಿದ ನೆಲ ರೀ ಇದು! ಯಾವುದೋ ಹಳೇ ಆಫೀಸು ಕೆಡವಿದಾಗ ಚಲೋ ಚಲೋ ಬಿಲ್ಲಿ ಆರಿಸಿ, ಸೈಕಲ್ ಮ್ಯಾಲೆ ಹೇರ್ಕೊಂಡು ಬಂದ್ರಿ. ಮಣ್ಣಿನ ನೆಲ ಸಾರಿಸಿ ಸಾರಿಸಿ ನನ್ನ ಸೊಂಟ ಬಿದ್ದು ಹೋಗಿತ್ತು. ಬಾಜೂ ಮನಿ ಮುನವ್ವರ್ ಬೀ ಹೊಸಲ ಹೊರಗ ಚಪ್ಪಲ್ ಬಿಟ್ಟು ಬಂದು, ಕೈಲೆ ಮುಟ್ಟಿ ನೋಡಿ, "ಹನುಮಂತಮ್ಮ, ನಿನ್ನ ಗಂಡ ಕನ್ನಡಿ ಹಾಸ್ಯಾನ ನೋಡು" ಅಂದಿದ್ಲು. ಅಂಥಾದ್ದನ್ನ ನಿಮ್ಮ ಕೈಲೇ ಒಡೀತೀರೇನು?

ಹಾಂ? ಅಷ್ಟು ಜೀವ ಇದ್ರ ಮುಚ್ಚೋದ್ಯಾಕ ಅಂತೀರಾ? ...ಅದು ಬ್ಯಾರೆ. ಮುಚ್ಚಿದ್ರ ಕೆಳಗ ಇರ್ತದಲ್ಲ. ಸುಮ್ನ ಇರ್ತದ ಪಾಪ, ಯಾರಿಗೂ ಏನೂ ಮಾಡಂಗಿಲ್ಲ.

ಧೂಳು ರೀ, ಧೂಳು! ...ಗೊತ್ತದ, ಗೊತ್ತದ, ನೀವು ಧೂಳಿಗೆ ಅಂಜವರಲ್ಲ. ಜಿಂದಗಿ ಪೂರಾ ಆ ಶೀಟಿನ ಅಂಗಡ್ಯಾಗ ಗರಗಸ ಹಿಡದು ಸಿಮೆಂಟ್ ಶೀಟು ಕೊಯ್ದ್ರಿ. ಗಿಲ್ಲೆಸುಗೂರು ಮಂದೀನೂ ನಿಮ್ಮ ಹೆಸರು ಕೇಳಿ ಬಂದು "ಮುದುಕಪ್ಪ ಕೊಯ್ದ್ರ ಅಂಚು ಮುರಿಯಂಗಿಲ್ಲ" ಅಂತಿದ್ರು. ಸಂಜಿಗೆ ಬಂದ್ರ ಹುಬ್ಬು, ಮೀಸಿ, ಕಿವಿ ಎಲ್ಲಾ ಬೆಳ್ಳಗ. ನಾ ನಕ್ಕೋತ ಅಂಗಳದಾಗ ನಿಮ್ಮ ಅಂಗಿ ಝಾಡಿಸ್ತಿದ್ನಿ... ನಕ್ಕೋತ...

ಏನಿಲ್ಲ. ಕಣ್ಣಾಗ ಏನೋ ಬಿತ್ತು.

ಹೌದು, ಏನೂ ಆಗಿಲ್ಲ ನಿಮಗ. ದಮ್ಮು, ಅಷ್ಟ. ರಾಯಚೂರಾಗ ಅರ್ಧ ಮಂದಿಗೆ ದಮ್ಮು ಅದ. ಬೀಡಿ ಬಿಡ್ರಿ, ಗುಳಿಗಿ ತಗೋರಿ, ಅಷ್ಟ ಅಂದ್ರು ಡಾಕ್ಟರು.

...ನನ್ನ ಒಬ್ಬಾಕಿನ್ನ ಒಳಗ ಯಾಕ ಕರದ್ರು ಅಂದ್ರ? ಗುಳಿಗಿ ಹೆಂಗ ಕೊಡಬೇಕು ಅಂತ ಹೇಳಾಕ. ಮತ್ತ್ಯಾಕ ಕರೀತಾರ? ...ಹೊತ್ತಾತು, ಖರೆ. ಅವರು ಏನೇನೋ ಕೇಳಿದ್ರು. ಎಂಥಾ ಕೆಲಸ ಮಾಡ್ತಿದ್ರು, ಎಷ್ಟು ವರ್ಷ ಮಾಡಿದ್ರು, ಮನ್ಯಾಗ ನೆಲ ಎಂಥಾದ್ದು...

ನೆಲ. ಹೌದು, ನೆಲಾನೂ ಕೇಳಿದ್ರು. ಇದ್ದದ್ದು ಹೇಳಿದ್ನಿ. ನೀವು ಕೊಯ್ತಿದ್ದ ಶೀಟಿನ್ಯಾಗ ಇರೋ ಅದ ಕಲ್ನಾರು ಈ ಬಿಲ್ಲ್ಯಾಗೂ ಇರ್ತದಂತ. ಒಡಿಬ್ಯಾಡ್ರಿ, ಕೀಳಬ್ಯಾಡ್ರಿ, ತಿಕ್ಕಬ್ಯಾಡ್ರಿ, ಒಡದ್ರ ಅದರ ಧೂಳು ಉಸರಿನ್ಯಾಗ ಹೋಗ್ತದ, ಮ್ಯಾಲೆ ಮುಚ್ಚಿಬಿಡ್ರಿ ಅಂದ್ರು. ಕೂಸು ಅದ ಅಲ್ಲ ಮನ್ಯಾಗ? ಕೂಸಿನ ಸಲುವಾಗಿ ಅಂದ್ರು. ನಿಮ್ಮ ಸಲುವಾಗಿ ಅಲ್ಲ. ನಿಮಗೇನ್ ಆಗ್ಯದ? ನಿಮಗ ಬರೇ ದಮ್ಮು... ಅಂದ್ನೆಲ್ಲ...

ಅಂಗೈ ಯಾಕ ತಿರುಗಿಸಿ ನೋಡ್ತೀರಿ?

ಬೈರಿ ಬೇಕಾದ್ರ. ಸುಳ್ಳು ಹೇಳಾಕತ್ತಿ ಅನ್ರಿ. ಅಂಬಿಕಾನ ಅಪ್ಪಾ... ಈ ಕಡಿ ನೋಡ್ರಿ...

ನೋಡ್ರಿ, ನನ್ನ ಚೀರಾಟಕ್ಕ ಕೂಸು ಎದ್ದು ಬಂತು. ನಿಮ್ಮ ಕಡೇನ ಬರಾಕತ್ತದ. ಮೊಣಕಾಲು ಹಿಡಕೊಂಡು ನಿಂತದ, ಎತ್ತಿಕೊಳ್ರಿ. ...ಯಾಕ ಹಿಂದ ಸರದ್ರಿ? ಮಾರಿ ಯಾಕ ಆ ಕಡಿ ಮಾಡಿದ್ರಿ? ಯಪ್ಪಾ, ರುಮಾಲು ಯಾಕ ಬಾಯಿಗೆ ಒತ್ತಿಕೊಂಡ್ರಿ?

ಅದು ಅಂಟೋ ರೋಗ ಅಲ್ರೀ!

...ಅಲ್ಲ. ಕೇಳೀನಿ. ಕೇಳಿದ್ದನ್ನ ಮತ್ತ ಮತ್ತ ಕೇಳಿ ಡಾಕ್ಟರಿಗೆ ಬ್ಯಾಸರ ಮಾಡೀನಿ. ವಾಸಿ ಆಗಂಗಿಲ್ಲ ಅಂದ್ರು, ಆದ್ರ ಅಂಟಂಗಿಲ್ಲ ಅಂದ್ರು. ಎಷ್ಟು ದಿನ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ... ಅದನ್ನ ನಾ ಕೇಳೇ ಇಲ್ಲ.

ಅಳಾಕತ್ತದ ನೋಡ್ರಿ. ರುಮಾಲು ತಗೀರಿ. ಎತ್ತಿಕೊಳ್ರಿ ಅದನ್ನ... ಎತ್ತಿಕೊಳ್ರೀ.